ಕಾಕಾನ ಗಾಡಿ ಎತ್ತದ ಯಂತ್ರ

ತುಂಬಿದ ಲಾರಿಯೊಂದು ಮೂತಿ ಎತ್ತಿ ಆಕಾಶ ನೋಡುತ್ತ ನಿಲ್ಲುವುದನ್ನು ಮೊದಲ ಸಲ ಕಂಡವರು ಬಾಯಿ ತೆರೆದೇ ನಿಲ್ಲುತ್ತಾರೆ. ಕಬ್ಬಿಣದ ಅಟ್ಟಣಿಗೆಯ ಮೇಲೆ ಲಾರಿಯನ್ನು ರಿವರ್ಸ್ ತಂದು ನಿಲ್ಲಿಸುತ್ತಾರೆ. ಡ್ರೈವರ್ ಇಳಿದು ದೂರ ಹೋಗುತ್ತಾನೆ, ಹಿಂಬಾಗಿಲು ತೆರೆಯುತ್ತಾರೆ. ಆಮೇಲೆ ಅಟ್ಟಣಿಗೆಯೇ ಲಾರಿಯ ಸಮೇತ ಒಂದು ಕಡೆಯಿಂದ ಏಳುತ್ತದೆ. ಮೊರದಿಂದ ಕಾಳು ಸುರಿದ ಹಾಗೆ ಅಷ್ಟೂ ಮೆಕ್ಕೆಜೋಳ ಹಿಂದಿನ ಗುಂಡಿಗೆ ಸುರಿದುಹೋಗುತ್ತದೆ. ಹಮಾಲರು ಅರ್ಧ ದಿನ ಸಲಿಕೆ ಹಿಡಿದು ಮಾಡುವ ಕೆಲಸ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಆಗ ಎಲ್ಲರ ಕಣ್ಣೂ ಲಾರಿಯ ಮೂತಿಯ ಮೇಲೆ. ನನ್ನ ಕಣ್ಣು ಮಾತ್ರ ಕೆಳಗೆ, ಹಿಂದಿನ ಗಾಲಿಗಳ ಹತ್ತಿರ. ಅಷ್ಟು ಭಾರದ ಗಾಡಿ ಹಿಂದಕ್ಕೆ ಜಾರಿ ಗುಂಡಿಗೆ ಬೀಳದ ಹಾಗೆ ಹಿಡಿದು ನಿಲ್ಲಿಸುವ ಒಂದು ತಡೆ ಅಲ್ಲಿರುತ್ತದೆ. ಈ ಯಂತ್ರ ಮಾಡುವ ನಮ್ಮ ಕಾರ್ಖಾನೆಯಲ್ಲಿ ಅದಕ್ಕೆ ಸ್ಟಾಪರ್ ಅನ್ನುತ್ತೇವೆ. ಅದು ಎಂಥದ್ದಿರಬೇಕು ಎಂದು ಆರಿಸುವ ಕೆಲಸ ನನ್ನದಾಗಿತ್ತು.

ನಾವಿರುವುದು ಹೈದರಾಬಾದಿನ ಕುಷಾಯಿಗೂಡದಲ್ಲಿ. ಅಪ್ಪ ರಾಯಚೂರ ಕಡೆಯಿಂದ ಸರ್ಕಾರಿ ಕಾರ್ಖಾನೆಯ ನೌಕರಿಗೆಂದು ಬಂದವರು ಇಲ್ಲೇ ಮನೆ ಕಟ್ಟಿದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು. ಒಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಆಟೋದವನ ಜೊತೆ ಜಗಳಕ್ಕೆ ಹಿಂದಿ. ನಾನು ಮೆಕ್ಯಾನಿಕಲ್ ಇಂಜಿನಿಯರ್. ಹೆಣ್ಣುಮಗಳು ಲಾರಿ ಎತ್ತುವ ಯಂತ್ರ ಮಾಡುತ್ತಾಳೆ ಅಂದರೆ ನೆಂಟರು ಮೊದಲು ನಗುತ್ತಾರೆ, ಆಮೇಲೆ ಮದುವೆಯ ಮಾತು ತೆಗೆಯುತ್ತಾರೆ. ಎರಡಕ್ಕೂ ನನಗೆ ಸಿಟ್ಟು ಬರುತ್ತದೆ. ನಗದೆ, ಮದುವೆಯ ಮಾತೂ ತೆಗೆಯದೆ, ಯಂತ್ರ ಹೇಗೆ ಏಳುತ್ತದೆ ಎಂದು ಕೇಳಿದವರು ಇಡೀ ಬಳಗದಲ್ಲಿ ಒಬ್ಬರೇ, ನಮ್ಮ ಕಾಕಾ.

ಕಾಕಾ ಅಪ್ಪನ ತಮ್ಮ. ಅಪ್ಪ ಓದಿದರು, ಕಾಕಾ ಲಾರಿ ಹಿಡಿದರು. ಮರದ ಬಾಡಿಯ ಒಂದು ಹಳೆ ಲಾರಿ ಅವರದು. ಅದಕ್ಕೆ ಅವರೇ ಮಾಲಕರು, ಅವರೇ ಡ್ರೈವರು. ಊರ ಕಡೆಯಿಂದ ಬಿಡಿ ಮೆಕ್ಕೆಜೋಳ ತುಂಬಿಕೊಂಡು ಹೈದರಾಬಾದಿನ ಹೊರಗಿರುವ ಕೋಳಿ ಆಹಾರದ ಕಾರ್ಖಾನೆಗೆ ತರುತ್ತಿದ್ದರು. ಬಂದಾಗಲೆಲ್ಲ ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಸ್ನಾನ ಮಾಡಿ, ಉಂಡು ಹೋಗುವುದು ರೂಢಿ. ಅಪ್ಪ ಸತ್ತ ವರ್ಷ, ನನ್ನ ಓದು ನಿಲ್ಲಿಸಿ ಎಂದು ಬಳಗವೆಲ್ಲ ಬಾಯಿ ಹಾಕಿದಾಗ, ಎಲ್ಲರ ಬಾಯಿ ಮುಚ್ಚಿಸಿದವರೂ ಅವರೇ. ಅದನ್ನು ಅವರು ಒಂದು ಸಲವೂ ಎತ್ತಿ ಆಡಿದವರಲ್ಲ. ಆಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಅದೇ ಕೋಳಿ ಆಹಾರದ ಕಾರ್ಖಾನೆಯವರು ಲಾರಿ ಎತ್ತುವ ಯಂತ್ರ ಬೇಕೆಂದು ನಮ್ಮಲ್ಲಿಗೆ ಬಂದರು. ಸುದ್ದಿ ಹೇಳಿದಾಗ ಕಾಕಾ ಊಟದ ತಟ್ಟೆ ಬಿಟ್ಟು ಎದ್ದೇಬಿಟ್ಟರು.

"ಯಂತ್ರ ಮಾಡಾಕಿ ನೀನು. ಮೊದಲ ಏರೂದು ನನ್ನ ಗಾಡಿ. ಬೋಣಿ ನಂದು ನೋಡ ಯವ್ವಾ, ಈಗ ಹೇಳಿಟ್ಟೀನಿ."

"ಆತ್ರಿ ಕಾಕಾ," ಎಂದೆ. ನಾನೂ ಹಿಗ್ಗಿದ್ದೆ. ಸುಳ್ಳು ಯಾಕೆ ಹೇಳಲಿ.

ಸ್ಟಾಪರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಲಾರಿಯ ಬೆನ್ನಿಗೆ ಆನಿಕೆ ಕೊಡುವಂಥದ್ದು. ಹಿಂದೆ ಗಟ್ಟಿ ಕಂಬಗಳ ಮೇಲೆ ಒಂದು ಉಕ್ಕಿನ ತೊಲೆ. ಲಾರಿಯ ಅಡಿಚೌಕಟ್ಟಾದ ಚಾಸಿಯ ಎರಡು ತುದಿಗಳು ಅದಕ್ಕೆ ಒರಗುತ್ತವೆ, ಭಾರವೆಲ್ಲ ಚಾಸಿಯಿಂದ ನೇರವಾಗಿ ತೊಲೆಗೆ ಹೋಗುತ್ತದೆ. ಇನ್ನೊಂದು, ಗಾಲಿಗೆ ಕೊಡುವಂಥದ್ದು. ಅಟ್ಟಣಿಗೆಯ ಕೊನೆಗೆ ಮೊಣಕಾಲೆತ್ತರದ ಉಕ್ಕಿನ ಗೋಡೆ ಇರುತ್ತದೆ, ಹಿಂದಿನ ಗಾಲಿಗಳು ಅದಕ್ಕೆ ತಾಗಿ ನಿಲ್ಲುತ್ತವೆ. ಇದರಲ್ಲಿ ಲಾರಿಯ ಅಷ್ಟೂ ಒರಗು ಗಾಲಿಯ ಮೇಲೆ, ಗಾಲಿಯಿಂದ ಅದರ ಅಚ್ಚಾದ ಆಕ್ಸಲ್ ಮೇಲೆ, ಆಕ್ಸಲ್ಲನ್ನು ಗಾಡಿಗೆ ಕಟ್ಟಿ ಹಿಡಿದಿರುವ ಬೋಲ್ಟುಗಳ ಮೇಲೆ. ಆಕ್ಸಲ್ ಗಟ್ಟಿ ಕೂತಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಗಾಲಿಗಳು ಅಲ್ಲೇ ನಿಂತು ಲಾರಿ ಮಾತ್ರ ಜಾರಿ ಬರುತ್ತದೆ.

ಚಿತ್ರ ಬರೆಯುವ ಮೊದಲು ಆ ಕಾರ್ಖಾನೆಗೆ ಬರುವ ಲಾರಿಗಳ ಅಳತೆ ಬೇಕಿತ್ತು. ಹೊಸ ಲಾರಿಗಳ ಅಳತೆ ಕಂಪನಿಗಳೇ ಕೊಡುತ್ತವೆ. ಹಳೆಯವು ಹಾಗಲ್ಲ, ಕಂಡ ಕಂಡ ಗ್ಯಾರೇಜಿನಲ್ಲಿ ಉದ್ದ ಮಾಡಿಸಿಕೊಂಡು, ಎತ್ತರ ಮಾಡಿಸಿಕೊಂಡು, ಒಂದರಂತೆ ಇನ್ನೊಂದಿರುವುದಿಲ್ಲ. ಯಾರ ಲಾರಿಯ ಕೆಳಗೆ ನುಗ್ಗಲಿ ಎಂದು ಕಾಕಾನನ್ನೇ ಕೇಳಿದೆ.

"ಊರ ಮಂದಿ ಗಾಡಿ ಯಾಕ? ನಂದ ಐತೆಲ್ಲ, ತಗೋ ಅಳತಿ," ಎಂದರು.

ಒಂದು ಭಾನುವಾರ ಮನೆಯ ಹಿಂದೆ ಚಾಪೆ ಹಾಸಿಕೊಂಡು ಇಬ್ಬರೂ ಲಾರಿಯ ಕೆಳಗೆ ಹೋದೆವು. ಕಾಕಾ ಟಾರ್ಚು ಹಿಡಿದರು, ನಾನು ಟೇಪು ಹಿಡಿದೆ. ತಮ್ಮ ಮನೆಯ ಕೋಣೆಗಳನ್ನು ತೋರಿಸುವವರ ಹಾಗೆ ಒಂದೊಂದನ್ನೂ ತೋರಿಸಿದರು. ಇಲ್ಲಿ ಒಮ್ಮೆ ಬಿರುಕು ಬಿಟ್ಟಿತ್ತು, ಬೆಸುಗೆ ಹಾಕಿಸಿದೆ. ಇಲ್ಲಿ ಸ್ಪ್ರಿಂಗಿನ ಕಮಾನ್ ಪಟ್ಟಿ ಮುರಿದಿತ್ತು, ಬೇರೆ ಗಾಡಿಯದು ತಂದು ಕೂರಿಸಿದೆ. ಏನನ್ನೂ ಮುಚ್ಚಿಡಲಿಲ್ಲ. ಆಕ್ಸಲ್ ಕಟ್ಟಿದ್ದ ಬೋಲ್ಟುಗಳಿಗೆ ಬೆಳಕು ಬಿದ್ದಾಗ ನನ್ನ ಕೈ ನಿಂತಿತು. ತುಕ್ಕು ತಿಂದು ಬೋಲ್ಟಿನ ನಡು ತೆಳ್ಳಗಾಗಿತ್ತು.

"ಕಾಕಾ, ಇವು ಇಷ್ಟ್ಯಾಕ ಸವದಾವರಿ?"

"ನಿಮ್ಮವ್ವನ ಮೊಣಕಾಲು ಇದ್ದಂಗ ಅವು. ಸಪ್ಪಳ ಮಾಡತಾವ, ಆದ್ರ ನಡೀತಾವ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಅದು ಕೇಳಿಸಿತು. "ನನ್ನ ಮೊಣಕಾಲ ಸುದ್ದಿಗೆ ಬಂದ್ರ ಇವತ್ತ ರೊಟ್ಟಿ ಇಲ್ಲ ನೋಡ್ರಿ ಮತ್ತ," ಎಂದಳು. ಮೂವರೂ ನಕ್ಕೆವು. ನಾನು ನಗುತ್ತಲೇ ಬೋಲ್ಟಿನ ದಪ್ಪ ಅಳೆದೆ.

ಆ ನಗುವಿನ ನೆನಪು ಬಂದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಅಳೆದದ್ದು ತಪ್ಪಲ್ಲ, ಅಳೆಯಲೇಬೇಕಿತ್ತು. ಆದರೆ ಅವರು ಮನೆಮಗಳಿಗೆ ಗಾಡಿ ತೋರಿಸುತ್ತಿದ್ದರು, ನಾನು ಆಗಲೇ ಗಾಡಿಯ ಮೇಲೆ ತೀರ್ಪು ಬರೆಯುತ್ತಿದ್ದೆ. ಅವರು ತೋರಿಸಿರದಿದ್ದರೆ ಹಳೆ ಗಾಡಿಗಳ ಬೋಲ್ಟು ಈ ಗತಿಯಲ್ಲಿರುತ್ತವೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಅನ್ನುತ್ತಾರಲ್ಲ, ಅದು ಹೀಗೆಯೇ ಚಾಪೆಯ ಮೇಲೆ ಮಲಗಿ ನಗುನಗುತ್ತ ನಡೆಯುತ್ತದೆ ಎಂದು ಗೊತ್ತಿರಲಿಲ್ಲ.

ಬೆನ್ನಿಗೆ ಕೊಡುವ ಸ್ಟಾಪರನ್ನೇ ಆರಿಸಿದ್ದರೆ ಕಾಕಾನ ಗಾಡಿ ಆರಾಮವಾಗಿ ಏರುತ್ತಿತ್ತು. ಬೋಲ್ಟುಗಳ ಮೇಲೆ ಅಷ್ಟು ಭಾರ ಬೀಳುತ್ತಲೇ ಇರಲಿಲ್ಲ, ಚಾಸಿ ಗಟ್ಟಿಯಾಗಿತ್ತು. ಆದರೆ ಒಂದೊಂದು ಲಾರಿಯ ಚಾಸಿ ಒಂದೊಂದು ಎತ್ತರ. ಪ್ರತಿ ಲಾರಿಗೂ ಆ ತೊಲೆಯನ್ನು ಮೇಲೆ ಕೆಳಗೆ ಮಾಡಿ ಹೊಂದಿಸಬೇಕು, ಸರಿಯಾಗಿ ತಾಗಿತೇ ಎಂದು ನೋಡಬೇಕು. ನೋಡುವುದೆಂದರೆ ಒಬ್ಬ ಮನುಷ್ಯ ಲಾರಿಯ ಬೆನ್ನಿಗೂ ತೊಲೆಗೂ ನಡುವೆ ನಿಲ್ಲಬೇಕು. ನಮ್ಮ ಡ್ರೈವರುಗಳಿಗೆ ಇನ್ನೊಂದು ಚಾಳಿ. ಹಿಂದೆ ಏನಿದ್ದರೂ ನಾಲ್ಕು ಬೆರಳು ಬಿಟ್ಟೇ ನಿಲ್ಲಿಸುತ್ತಾರೆ. ಗಾಡಿಯ ಬೆನ್ನು ತಾಗಿಸಿದರೆ ಅವರಿಗೆ ಅವಮಾನ. "ಇನ್ನೂ ಬರಲಿ, ಇನ್ನೂ ಬರಲಿ" ಎಂದು ಕೂಗುತ್ತ ನಡುವೆ ನಿಂತವನು ಒಂದು ದಿನ ಸಿಕ್ಕಿಬೀಳುತ್ತಾನೆ. ಇದಕ್ಕೆ ಲೆಕ್ಕಾಚಾರ ಬೇಕಿಲ್ಲ, ಬರೀ ಕಣ್ಣು ಮುಚ್ಚಿದರೆ ಕಾಣುತ್ತದೆ.

ಗಾಲಿಗೆ ಕೊಡುವ ಸ್ಟಾಪರಿನಲ್ಲಿ ಹಿಂದೆ ಯಾರೂ ನಿಲ್ಲಬೇಕಿಲ್ಲ. ಗಾಲಿ ತಾಗಿದ್ದು ಡ್ರೈವರನಿಗೆ ಸೀಟಿನಲ್ಲೇ ಗೊತ್ತಾಗುತ್ತದೆ. ಗಾಲಿ ಕಲ್ಲಿಗೆ ತಾಗಿದರೆ ನಮ್ಮವರಿಗೆ ಅವಮಾನವೂ ಇಲ್ಲ, ದಿನಾ ಕಲ್ಲು ಕೊಟ್ಟೇ ನಿಲ್ಲಿಸುವವರು ಅವರು. ಆದರೆ ಬೋಲ್ಟು ಸವೆದ ಗಾಡಿಗಳನ್ನು ಹತ್ತಿಸಕೂಡದು. ಯಾವುದರ ಬೋಲ್ಟು ಸವೆದಿದೆ ಎಂದು ಪ್ರತಿ ಲಾರಿಯ ಕೆಳಗೆ ನುಗ್ಗಿ ನೋಡುವವರು ಯಾರು? ಗೇಟಿನವನು ಬೋಲ್ಟು ನೋಡಲಾರ, ಗಾಡಿ ಯಾವ ವರ್ಷದ್ದೆಂದು ನೋಡಬಲ್ಲ. ಹಾಗಾಗಿ ಇಷ್ಟು ವರ್ಷಕ್ಕಿಂತ ಹಳೆಯ ಲಾರಿಗೆ ಯಂತ್ರವಿಲ್ಲ ಎಂಬ ನಿಯಮ ನಾನೇ ಹಾಕಿದೆ. ಗೆರೆಯನ್ನು ಎಲ್ಲಿ ಎಳೆದರೂ ಕಾಕಾನ ಗಾಡಿ ಆಚೆಗೇ ಉಳಿಯುತ್ತಿತ್ತು.

ನಮ್ಮ ಮಾಲಕರು ತೆಲುಗಿನವರು, ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಡ್ರೈವರ್ಲು ತಿಟ್ಟುಕೋನೀ ಅಮ್ಮಾ, ಮನಿಷಿ ಮಾತ್ರಂ ಪೋಕೂಡದು." ಡ್ರೈವರುಗಳು ಬೈದುಕೊಳ್ಳಲಿ, ಜೀವ ಮಾತ್ರ ಹೋಗಬಾರದು ಎಂದು. ಅದು ಸರಿಯಾದ ಮಾತೇ. ಮೂರನೆಯ ದಾರಿಯೊಂದಿತ್ತು. ತೊಲೆಗೆ ಮೋಟರು ಕೂರಿಸಿ ದೂರದಿಂದಲೇ ಹೊಂದಿಸುವುದು. ಅದನ್ನು ಒಂದು ವಾರ ಗೀಚಿದೆ. ಜೋಳದ ದೂಳಿಗೆ ಅದು ಕೆಡುತ್ತದೆ ಎಂದು ಬಿಟ್ಟೆ. ನಿಜವಾಗಿ ಕೆಡುತ್ತಿತ್ತೇ, ಅಥವಾ ನನಗೆ ಬೇಸರ ಬಂದಿತ್ತೇ? ಇವತ್ತಿಗೂ ಪ್ರಾಮಾಣಿಕವಾಗಿ ಹೇಳಲಾರೆ. ಗಾಲಿಯ ಸ್ಟಾಪರಿನ ಚಿತ್ರ ಚೊಕ್ಕವಾಗಿತ್ತು, ಅದರ ಮೇಲೆ ನನಗೆ ಮೋಹ ಹುಟ್ಟಿತ್ತು, ಇಷ್ಟಂತೂ ಗೊತ್ತು.

ಕಾಕಾನಿಗೆ ಹೇಳಬೇಕಿತ್ತು. ಅವ್ವನ ಹತ್ತಿರ ಮೊದಲು ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಪೂಜಿ ಮುಗಿಯೂತನಾ ಸುಮ್ನಿರು. ಶುಭ ಕೆಲಸದ ಮುಂದ ಇಲ್ಲ ಅನ್ನೂ ಮಾತು ತಗೀಬಾರದು."

ನಮ್ಮ ಮನೆಯ ರೀತಿಯೇ ಅದು. ಕುಂಕುಮ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ಹೆಚ್ಚಾಯಿತು ಅನ್ನುತ್ತೇವೆ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಪೂಜೆಯ ಮುಂಚೆ ಹಿರಿಯರ ಮನಸ್ಸು ಮುರಿಯುವ ಸುದ್ದಿ ಯಾರ ಬಾಯಿಂದಲೂ ಬರುವುದಿಲ್ಲ. ಬೇರೆ ಎಷ್ಟೋ ವಿಷಯದಲ್ಲಿ ಅವ್ವನ ಶಾಸ್ತ್ರಗಳನ್ನು ಹಂಗಿಸಿದವಳು ನಾನು. ಇದೊಂದನ್ನು ಮಾತ್ರ ತಲೆಬಾಗಿ ಒಪ್ಪಿಕೊಂಡೆ. ಶಾಸ್ತ್ರ ಅಷ್ಟು ಅನುಕೂಲವಾಗಿತ್ತು. ಕಾಕಾ ನಡುವೆ ಎರಡು ಸಲ ಬಂದು ಉಂಡು ಹೋದರು. ಯಂತ್ರ ಎಲ್ಲಿಗೆ ಬಂತು ಎಂದು ಕೇಳಿದರು. ಬಂತು ಕಾಕಾ, ಮುಗೀತು ಕಾಕಾ, ಎಂದೆ. ಆ ಹೊತ್ತಿಗೆ ಅವರು ಬಾಗಿಲಲ್ಲಿ ಕೆಮ್ಮಿದರೂ ನಾನು ಚಿತ್ರದ ಹಾಳೆ ಮಡಚಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ.

ಯಂತ್ರ ಮೊದಲ ಸಲ ಎತ್ತುವ ದಿನ ಬಂತು. ಸ್ಟಾಪರಿಗೆ ಹಳದಿ ಬಣ್ಣ ಹೊಡೆದು, ಅರಿಸಿನ ಕುಂಕುಮ ಹಚ್ಚಿ, ಎರಡು ತುದಿಗೂ ನಿಂಬೆಹಣ್ಣು ಇಟ್ಟಿದ್ದರು. ಬೂದುಗುಂಬಳ ಒಡೆದಾಗಿತ್ತು. ನಮ್ಮ ಮಾಲಕರು, ಆ ಕಾರ್ಖಾನೆಯ ಮ್ಯಾನೇಜರು, ಹಮಾಲರು, ಡ್ರೈವರುಗಳು ಎಲ್ಲ ಸೇರಿದ್ದರು. ಮೊದಲ ಲಾರಿಯಾಗಿ ಒಂದು ಹೊಸ ಗಾಡಿಯನ್ನು ಗೊತ್ತು ಮಾಡಿದ್ದರು. ಕಾಕಾ ಆ ವಾರ ಊರಲ್ಲೇ ಇರುತ್ತಾರೆ ಎಂದು ನಾನು ನಂಬಿಕೊಂಡಿದ್ದೆ. ಪೂಜೆ ಮುಗಿದ ಮೇಲೆ ಸಂಜೆ ಫೋನು ಮಾಡಿ ಮೆಲ್ಲಗೆ ಹೇಳಿದರಾಯಿತು ಎಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

ಗೇಟಿನ ಕಡೆ ಗದ್ದಲ ಕೇಳಿಸಿತು. ತಿರುಗಿ ನೋಡಿದರೆ ಕಾಕಾನ ಲಾರಿ. ತೊಳೆದು, ಮುಂದೆ ಚೆಂಡುಹೂವಿನ ಮಾಲೆ ಹಾಕಿ, ಕನ್ನಡಿಗೆ ಮಾವಿನೆಲೆ ಸಿಗಿಸಿದ್ದರು. ಅವ್ವನ ಬಾಯಿಂದ ದಿನ ಕೇಳಿ ತಿಳಿದುಕೊಂಡು, ಊರಿಂದ ಜೋಳ ತುಂಬಿಸಿಕೊಂಡು ನಸುಕಿನಲ್ಲೇ ಹೊರಟು ಬಂದಿದ್ದರು. ಸಾಲಿನಲ್ಲಿದ್ದ ಬೇರೆ ಡ್ರೈವರುಗಳು, ಇದು ಇವರ ಮನೆಯ ಹುಡುಗಿಯ ಯಂತ್ರ ಎಂದು ತಿಳಿದು ದಾರಿ ಬಿಟ್ಟಿದ್ದರು. ಗೇಟಿನವನು ಮಾತ್ರ ಗಾಡಿಯ ವರ್ಷ ನೋಡಿ ತಡೆದಿದ್ದ.

ನಾನು ಓಡಿದೆ. ಕಾಕಾ ಇಳಿದು ನಿಂತಿದ್ದರು. ಹೊಸ ಬಿಳಿ ಅಂಗಿ, ಹಣೆಗೆ ಕುಂಕುಮ.

"ಯವ್ವಾ, ಇವನಿಗೆ ಹೇಳು. ಮತ್ತ, ನೀ ಅವತ್ತ ಬೋಲ್ಟ್ ನೋಡಿ ಮಾರಿ ಸಣ್ಣ ಮಾಡಿದ್ದೆಲ್ಲ, ಎಲ್ಲಾ ಹೊಸಾವ ಹಾಕಿಸೇನಿ. ಬೇಕಾರ ಬಗ್ಗಿ ನೋಡು."

ಬಗ್ಗಿ ನೋಡಬೇಕಿತ್ತು. ಬಗ್ಗಲಿಲ್ಲ. ನೋಡಿದರೆ ಬೋಲ್ಟು ಹೊಸವೇ ಇರುತ್ತವೆ, ಆಮೇಲೆ ಏನು ಹೇಳುವುದು? ಅವರ ಹಿಂದೆ ಇನ್ನೆರಡು ಹಳೆ ಲಾರಿಗಳು ಬಂದು ನಿಂತಿದ್ದವು. ಕಾಕಾನ ಗಾಡಿ ಬಿಟ್ಟರೆ ಅವನ್ನೂ ಬಿಡಬೇಕು, ಅವುಗಳ ಬೋಲ್ಟು ಯಾರು ಕಂಡಿದ್ದಾರೆ. ಮ್ಯಾನೇಜರು ನಮ್ಮ ಕಡೆಗೇ ನೋಡುತ್ತಿದ್ದರು. ತನ್ನವರಿಗೊಂದು ನ್ಯಾಯ, ಪರರಿಗೊಂದು ನ್ಯಾಯ ಎನ್ನುವ ಮಾತು ಬರುವುದಕ್ಕೆ ಅರೆಗಳಿಗೆ ಸಾಕಿತ್ತು. ಕಾಕಾ, ಇದು ವರ್ಷದ ನಿಯಮ, ನಾನೇ ಹಾಕಿದ್ದು, ನಿಮ್ಮ ಗಾಡಿ ಗಟ್ಟಿಯಿದ್ದರೂ ಬಿಡಲಾರೆ, ಎಂದು ಹೇಳಿದ್ದರೆ ಅದು ನಿಜ ಇರುತ್ತಿತ್ತು. ಅದಕ್ಕೆ ಅವರು ಮರುಮಾತು ಆಡುತ್ತಿದ್ದರು, ನಾನು ಸೋಲುತ್ತಿದ್ದೆ. ಮರುಮಾತಿಗೆ ಎಡೆಯೇ ಇಲ್ಲದ ಮಾತೊಂದು ನನಗೆ ಬೇಕಿತ್ತು.

"ಕಾಕಾ, ನಿಮ್ಮ ಗಾಡಿ ಎತ್ತಾಕ ಬರಂಗಿಲ್ಲರಿ. ಎತ್ತಿದ್ರ ಹಿಂದಿನ ಆಕ್ಸಲ್ ಕಿತ್ತ ಬರತೈತಿ. ಗಾಡಿ ಗುಂಡ್ಯಾಗ ಬೀಳತೈತಿ."

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕಾಕಾ ಒಂದು ಸಲ ಗಾಡಿಯ ಕಡೆ ತಿರುಗಿ ನೋಡಿದರು.

"ಅಷ್ಟು ಆಗೇತೇನು ಅದಕ್ಕ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಹೌದ್ರಿ."

ಅವರು ವಾದ ಮಾಡಲಿಲ್ಲ. ಹಿಂದಿನ ಇಬ್ಬರು ಡ್ರೈವರುಗಳಿಗೆ ತಾವೇ ಕೈ ಮಾಡಿದರು. "ಹಿಂದಕ್ಕ ತಗೋರ್ರಪ್ಪಾ. ನಮ್ಮ ಹುಡುಗಿ ಬ್ಯಾಡ ಅಂದ್ಲಂದ್ರ ಬ್ಯಾಡ. ಆಕಿಗೆ ಒಳಗಿಂದೆಲ್ಲಾ ಗೊತ್ತೈತಿ." ಮಾಲೆ ಹಾಕಿದ ಗಾಡಿಯನ್ನು ರಿವರ್ಸ್ ತೆಗೆದುಕೊಂಡು, ಹಮಾಲರು ಸಲಿಕೆಯಿಂದ ಇಳಿಸುವ ಹಳೆ ಅಂಗಳಕ್ಕೆ ಹೋದರು.

ಆಮೇಲೆ ಹೊಸ ಲಾರಿ ಅಟ್ಟಣಿಗೆ ಏರಿತು. ಗಾಲಿಗಳು ನನ್ನ ಸ್ಟಾಪರಿಗೆ ತಾಗಿ ನಿಂಬೆಹಣ್ಣು ಪಚಕ್ಕೆಂದಿತು. ಲಾರಿ ಎದ್ದಿತು. ರಬ್ಬರು ಉಕ್ಕಿಗೆ ಒತ್ತಿ ಒತ್ತಿ ಅಗಲವಾಯಿತು, ಸ್ಟಾಪರು ಕೂದಲೆಳೆಯಷ್ಟೂ ಅಲುಗಲಿಲ್ಲ. ಜೋಳ ಸುರಿಯಿತು, ಜನ ಚಪ್ಪಾಳೆ ತಟ್ಟಿದರು. ಆ ಗಳಿಗೆಯಲ್ಲಿ ನಾನು ಕಾಕಾನನ್ನು ಪೂರ್ತಿ ಮರೆತಿದ್ದೆ. ಹಾಗೆ ಸಂತೋಷವಾಗಿತ್ತು ನನಗೆ. ಮರೆತಿದ್ದೆ ಎನ್ನುವುದು ನೆನಪಾದದ್ದು ಮಾಲಕರು ಪೇಡೆ ಕೈಗಿಟ್ಟಾಗ. ಆ ಪೇಡೆಯನ್ನು ಮನೆಗೂ ಒಯ್ಯಲಿಲ್ಲ, ತಿನ್ನಲೂ ಇಲ್ಲ, ಗೇಟಿನವನಿಗೆ ಕೊಟ್ಟೆ.

ಅವತ್ತು ಕಾಕಾ ಮನೆಗೆ ಬರದೆ ಹಾಗೆಯೇ ಊರಿಗೆ ಹೋದರು. ಮುಂದಿನ ವಾರವೂ ಬರಲಿಲ್ಲ. ಫೋನು ಮಾಡಿದರೆ ಅವ್ವನ ಜೊತೆ ಮಳೆ ಬೆಳೆ ಮಾತಾಡಿ ಇಡುತ್ತಿದ್ದರು. ಸಿಟ್ಟು ಬಂದಿದೆ ಎಂದುಕೊಂಡೆ. ಬರಲಿ, ಬಂದು ಬೈಯಲಿ, ಬೈಸಿಕೊಂಡರೆ ನನಗೂ ಹಗುರವಾಗುತ್ತದೆ ಎಂದು ಕಾದೆ. ನಾನೇ ಊರಿಗೆ ಹೋಗಬಹುದಿತ್ತು, ಕಾಚಿಗೂಡದಲ್ಲಿ ರೈಲು ಹತ್ತಿದರೆ ಮುಗಿಯಿತು. ಹೊಸ ಯಂತ್ರ, ಸಣ್ಣಪುಟ್ಟ ರಿಪೇರಿ, ರಜೆ ಇಲ್ಲ ಎಂದು ನೆಪ ಹೇಳಿಕೊಂಡೆ. ಯಾರೂ ಕೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡೆ.

ಸುಮಾರು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಕಾಕಾ ಬಂದರು. ಗಾಡಿಯ ಸದ್ದಿಲ್ಲ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಬೆವತ ಮುಖ. ರೈಲಿನಲ್ಲಿ ಕಾಚಿಗೂಡಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದರು. ಮನೆಯ ಮುಂದೆ ನಡೆದು ಬಂದ ಕಾಕಾನನ್ನು ನಾನು ಅದೇ ಮೊದಲು ನೋಡಿದ್ದು. ಯಾಕೋ ಕುಳ್ಳಗೆ ಕಂಡರು.

"ಗಾಡಿ ಎಲ್ಲೈತ್ರಿ?" ಎಂದಳು ಅವ್ವ, ನೀರು ಕೊಡುತ್ತ.

"ಕೊಟ್ಟಬಿಟ್ಟೆ ವೈನಿ."

ಊಟಕ್ಕೆ ಕೂತಾಗ ಎಲ್ಲ ಹೇಳಿದರು. ಹೇಳುವಾಗ ನನ್ನ ಮೇಲೆ ಸಿಟ್ಟಿನ ಸುಳಿವೇ ಇರಲಿಲ್ಲ, ಅದೇ ನನ್ನನ್ನು ಸುಟ್ಟಿತು. ಅವತ್ತು ಇಲ್ಲಿಂದ ಊರಿಗೆ ಹೋಗುವಾಗ ಒಂದು ಫ್ಲೈಓವರ್ ಇಳಿಯುತ್ತ ಬ್ರೇಕು ಹಿಡಿದರಂತೆ, ಹಿಂದೆ ಸಪ್ಪಳವಾಯಿತಂತೆ.

"ಮೊದಲೂ ಸಪ್ಪಳ ಬರತಿತ್ತು. ಆದ್ರ ಅದು ಬರೇ ಸಪ್ಪಳ ಇತ್ತು. ಈಗ ಪ್ರತಿ ಸಲ ನೀ ಅಂದಿದ್ದ ಕೇಳಸತೈತಿ. ಕಿತ್ತ ಬಂತು, ಕಿತ್ತ ಬಂತು ಅಂತ. ಸೇತುವಿ ಬಂದ್ರ ಇಳದು ಬಗ್ಗಿ ನೋಡೂದು, ಮತ್ತ ಏರೂದು. ಹಿಂಗ ಎಷ್ಟು ದಿವಸ ಓಡಸೂದು?"

"ಓಡಸವ್ರು ಯಾರರೇ ತಗೊಂಡ್ರೇನು?" ಎಂದು ಅವ್ವ ಕೇಳಿದಳು.

"ಒಬ್ಬಾವ ಬಂದಿದ್ದ. ನಾನ ಬ್ಯಾಡ ಅಂದೆ. ನಮ್ಮ ಇಂಜಿನೀರ ಹುಡುಗಿ ಹೇಳ್ಯಾಳ, ಆಕ್ಸಲ್ ಕಿತ್ತ ಬರೂ ಗಾಡಿ ಐತಿ, ನಿನ್ನ ಜೀವಕ್ಕ ಮೂಲ ಆಕ್ಕೈತಿ ಅಂತ ಖರೇನ ಹೇಳಿದೆ. ಓಡಿ ಹ್ವಾದ. ಕಡೀಕ ಗುಜರಿಯಾವ್ರಿಗೆ ಕೊಟ್ಟೆ. ನಾ ನಿಂತಾಗನ ಕೊಯ್ದರು."

ನಾನು ಅವರ ತಟ್ಟೆಗೆ ಪಲ್ಯ ಬಡಿಸಿದೆ. ರಸ್ತೆಯ ಮೇಲೆ ಆ ಗಾಡಿಗೆ ಏನೂ ಆಗುವಂತಿರಲಿಲ್ಲ. ಹೊಸ ಬೋಲ್ಟು ಹಾಕಿಸಿದ್ದ ಗಾಡಿ ಅದು, ಇನ್ನೂ ಎಷ್ಟೋ ವರ್ಷ ಓಡುತ್ತಿತ್ತು. ನಾನು ಅವರಿಗೆ ಯಂತ್ರದ ಮೇಲಿನ ಜಾಗವೊಂದನ್ನು ಮಾತ್ರ ತಪ್ಪಿಸಬೇಕೆಂದಿದ್ದೆ. ಒಂದು ಮಾತು ಹೆಚ್ಚು ಆಡಿ ಇಡೀ ರಸ್ತೆಯನ್ನೇ ಅವರಿಂದ ಕಿತ್ತುಕೊಂಡಿದ್ದೆ. ಇನ್ನು ತಡೆದುಕೊಳ್ಳಲಾಗಲಿಲ್ಲ.

"ಕಾಕಾ, ಅವತ್ತ ನಾ ಹೇಳಿದ್ದು ಖರೆ ಅಲ್ಲರಿ. ಏನೂ ಆಗತಿದ್ದಿಲ್ಲ. ಎತ್ತಿದ್ರೂ ಬಹುತೇಕ ಏನೂ ಆಗತಿದ್ದಿಲ್ಲ. ಮಂದಿ ಮುಂದ ಮಾತು ಮುಗಸಾಕ ಹಂಗ ಅಂದ್ಬಿಟ್ಟೆ."

ಕಾಕಾ ನಕ್ಕರು. ಎಡಗೈಯಿಂದ ನನ್ನ ಮೊಣಕೈ ತಟ್ಟಿದರು.

"ನನಗ ಸಮಾಧಾನ ಮಾಡಾಕತ್ತೀ ಏನು? ಹುಚ್ಚವ್ವಿ. ಹತ್ತು ಮಂದಿ ಮುಂದ ಆಡಿದ್ದ ಮಾತು ಖರೆ ಇರತೈತಿ. ಉಣ್ಣಾಕ ನೀಡಕೋತ ಆಡೂದು ಪ್ರೀತಿ ಮಾತು."

"ಅಲ್ಲರಿ ಕಾಕಾ, ಖರೇನ..."

ಅವರ ನಗು ನಿಂತಿತು. ತುತ್ತು ಹಿಡಿದ ಕೈ ತಟ್ಟೆಯ ಮೇಲೇ ಉಳಿಯಿತು. ನನ್ನ ಮುಖವನ್ನೇ ನೋಡಿದರು. ಆ ಕಣ್ಣಲ್ಲಿ ನಾನು ಹಿಂದೆಂದೂ ಕಾಣದ ಭಯವಿತ್ತು. ಗಾಡಿ ಬೀಳುವ ಭಯವಲ್ಲ. ಗಟ್ಟಿಯಿದ್ದ ಗಾಡಿಯನ್ನು ಕೈಯಾರೆ ಕೊಯ್ಯಿಸಿದೆನೇ ಎನ್ನುವ ಭಯ.

"ನನ್ನ ಮಾರಿ ನೋಡಿ ಹೇಳ ಯವ್ವಾ. ಕಿತ್ತ ಬರತಿತ್ತೋ, ಇಲ್ಲೋ?"

ಅವ್ವ ಒಲೆಯ ಕಡೆ ತಿರುಗಿದಳು. ನಾನು ಕಾಕಾನ ಮುಖ ನೋಡಿದೆ. ಗಾಡಿಯಂತೂ ಮತ್ತೆ ಬರುವಂತಿರಲಿಲ್ಲ.

"ಬರತಿತ್ತು ಕಾಕಾ."

"ಹಾಂ," ಎಂದು ಉಸಿರು ಬಿಟ್ಟರು. "ನನಗ ಗೊತ್ತಿತ್ತು ಬಿಡು." ತುತ್ತು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು. ಹಾಕಿದೆ.